ಮಣ್ಣಾಟದಲ್ಲಿ ವಿಜ್ಞಾನ ಎಲ್ಲಿದೆ?

ಪ್ರಶ್ನೆ: ಯಾರೂ ಹೇಳಿಕೊಡದೆ ಬಯಲಲ್ಲಿ ಆಡುವ ಮಕ್ಕಳು ನಿಜಕ್ಕೂ ವಿಜ್ಞಾನ ಕಲಿಯುತ್ತಾರೆಯೇ?

ಉತ್ತರ: ಕಲಿಯುತ್ತಾರೆ, ಸೂತ್ರಗಳನ್ನಲ್ಲ, ವಿಧಾನವನ್ನು. ಮಳೆನೀರಿಗೆ ಕಟ್ಟಿದ ಮಣ್ಣಿನ ಒಡ್ಡು ಒಡೆದಾಗ ಮಗು ಅದರ ಬುಡವನ್ನು ದಪ್ಪ ಮಾಡುತ್ತದೆ, ಇಲ್ಲವೇ ಜೇಡಿಮಣ್ಣು ಮೆತ್ತುತ್ತದೆ. ಊಹೆ, ಪರೀಕ್ಷೆ, ತಿದ್ದುಪಡಿ ಮೂರೂ ಅಲ್ಲಿವೆ. ಎಲಿಜಬೆತ್ ಬೊನಾವಿಟ್ಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಹೊಸ ಆಟಿಕೆಯ ಒಂದು ಕೆಲಸವನ್ನು ಪಾಠದಂತೆ ಹೇಳಿಸಿಕೊಂಡ ಪುಟ್ಟ ಮಕ್ಕಳು ಉಳಿದದ್ದನ್ನು ಕಡಿಮೆ ಹುಡುಕಿದರು. ಅದು ಒಳಾಂಗಣದ ಪ್ರಯೋಗ, ನಿಜ. ಆದರೂ ಅವಸರದ ಉತ್ತರ ಹುಡುಕಾಟವನ್ನು ಮೊಟಕುಗೊಳಿಸಬಹುದೆಂಬ ಸೂಚನೆ ಬಯಲಿಗೂ ಸಲ್ಲುತ್ತದೆ. ಆಟದಿಂದ ತಪ್ಪು ತಿಳಿವಳಿಕೆಯೂ ಹುಟ್ಟೀತು ಎಂಬ ಆಕ್ಷೇಪ ಸರಿಯೇ: ಭಾರವಾದದ್ದೆಲ್ಲ ಮುಳುಗುತ್ತದೆಂದು ಮಗು ನಂಬಬಹುದು. ಅದಕ್ಕೇ ಶಿಕ್ಷಕರು ಬೇಕು. ಆದರೆ ಸಣ್ಣ ಕಲ್ಲು ಮುಳುಗಿ ದೊಡ್ಡ ದಿಮ್ಮಿ ತೇಲಿದ್ದನ್ನು ಕಂಡ ಮಗುವಿಗೆ ಸಾಂದ್ರತೆಯ ಪಾಠ ತನ್ನದೇ ಪ್ರಶ್ನೆಯ ಉತ್ತರವಾಗುತ್ತದೆ.