ಶ್ವಾಸಕೋಶದ ಹಾನಿ ಮತ್ತು ಉಸಿರಾಡುವ ಅನಿಲದ ಚಿತ್ರ



ಪ್ಯಾರಾಕ್ವಾಟ್ ಎಂಬ ಕಳೆನಾಶಕ ತೋಟದವರಿಗೆ ಹೊಸದಲ್ಲ. ಕೆಲಸಗಾರರು ಸಿಗದ ದಿನಗಳಲ್ಲಿ ಅದರಿಂದ ಅನುಕೂಲವುಂಟು. ಆದರೆ ಅದು ಮೈಯೊಳಗೆ ಸೇರಿದರೆ ಹೋಗಿ ಕೂರುವುದು ಹೆಚ್ಚಾಗಿ ಶ್ವಾಸಕೋಶದಲ್ಲಿ. ಅಲ್ಲಿ ಆಗುವ ಹಾನಿಯನ್ನು ಅರಿತರೆ ಎಚ್ಚರಿಕೆಯ ಅಗತ್ಯ ತಾನಾಗಿ ತಿಳಿಯುತ್ತದೆ.

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಗೂಡಿನ ಗಾಳಿಗೂ ಪಕ್ಕದ ರಕ್ತಕ್ಕೂ ನಡುವೆ ಇರುವ ಗೋಡೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತೆಳು. ಆಮ್ಲಜನಕ ದಾಟುವುದು ಇದರ ಮೂಲಕವೇ. ಪೆಟ್ಟು ಬಿದ್ದರೆ ಈ ಗೋಡೆ ಊದಿ, ಕ್ರಮೇಣ ನಾರುಗಟ್ಟಿ ದಪ್ಪವಾಗುತ್ತದೆ. ಆಗ ಗಾಳಿ ಒಳಗೆ ಹೋದರೂ ರಕ್ತಕ್ಕೆ ಸಾಲದು.

ಎಕ್ಸ್‌ರೇ ಶ್ವಾಸಕೋಶದ ಆಕಾರ ತೋರಿಸುತ್ತದೆ. ಗಾಳಿ ರಕ್ತಕ್ಕೆ ದಾಟಿತೇ ಎಂಬುದನ್ನು ತೋರಿಸದು. ಸಾಮಾನ್ಯ ಎಂ.ಆರ್.ಐ. ಯಂತ್ರ ದೇಹದ ನೀರಿನ ಅಂಶವನ್ನು ಹಿಡಿಯುವಂಥದು. ಗಾಳಿಯೇ ತುಂಬಿದ ಶ್ವಾಸಕೋಶ ಅದಕ್ಕೆ ಕಪ್ಪಾಗಿ ಕಾಣುತ್ತದೆ. ಇದಕ್ಕೆ ಉಪಾಯವಾಗಿ ಬಂದದ್ದು ಕ್ಸೆನಾನ್ ಅನಿಲ. ಲೇಸರ್ ಬೆಳಕಿನಿಂದ ಸಂಸ್ಕರಿಸಿದರೆ ಅದರ ಸಂಕೇತ ಸಾವಿರಾರು ಪಟ್ಟು ಬಲಗೊಳ್ಳುತ್ತದೆ. 1994ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಯ ದೇಹದಿಂದ ತೆಗೆದ ಶ್ವಾಸಕೋಶದಲ್ಲಿ ಇಂಥ ಚಿತ್ರ ಪಡೆದರು.

ಕ್ಸೆನಾನ್ ಗಾಳಿಯಲ್ಲಿರುವಾಗ ಒಂದು ಸಂಕೇತ, ಗೋಡೆಯಲ್ಲಿ ಕರಗಿದಾಗ ಇನ್ನೊಂದು, ಕೆಂಪು ರಕ್ತಕಣ ಸೇರಿದಾಗ ಮತ್ತೊಂದು ಕೊಡುತ್ತದೆ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇದನ್ನೇ ಬಳಸಿದರು. ಶ್ವಾಸಕೋಶವನ್ನು ನಾರುಗಟ್ಟಿಸುವ ಬ್ಲಿಯೊಮೈಸಿನ್ ಎಂಬ ಔಷಧಿಯಿಂದ ಹಾನಿಗೊಂಡ ಇಲಿಗಳಿಗೆ ಕ್ಸೆನಾನ್ ಉಸಿರಾಡಿಸಿ ನೋಡಿದರು. ಹಾನಿಯಾದ ಭಾಗದಲ್ಲಿ ಅನಿಲ ಗೋಡೆಯವರೆಗೆ ಬಂದಿತ್ತು. ರಕ್ತಕ್ಕೆ ಸೇರುವುದು ಮಾತ್ರ ತಡವಾಗುತ್ತಿತ್ತು. ಪ್ರಾಣಿಯನ್ನು ಕೊಲ್ಲದೆ ಹಾನಿ ಎಲ್ಲಿ, ಎಷ್ಟು ಎಂದು ಹೀಗೆ ತಿಳಿಯಬಹುದು. ಮನುಷ್ಯರ ಶ್ವಾಸಕೋಶದಲ್ಲಿ ಗಾಳಿ ಹರಡುವುದನ್ನು ನೋಡಲು ಈ ಅನಿಲಕ್ಕೆ ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು.

ಆದರೆ ಚಿತ್ರ ಹಾನಿಯನ್ನು ತೋರಿಸೀತೇ ಹೊರತು ವಾಸಿ ಮಾಡದು. ಪ್ಯಾರಾಕ್ವಾಟ್‌ಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಒಂದು ಗುಟುಕು ಮೂಲದ್ರಾವಣ ಸಾಕು, ಪ್ರಾಣ ಹೋಗಲು. ಅದು ಶ್ವಾಸಕೋಶದ ಆಮ್ಲಜನಕವನ್ನೇ ವಿಷವಾಗಿ ತಿರುಗಿಸುವುದರಿಂದ, ರೋಗಿಗೆ ಆಮ್ಲಜನಕ ಕೊಡುವಾಗಲೂ ವೈದ್ಯರು ಅಳೆದು ತೂಗಬೇಕಾಗುತ್ತದೆ.

ಆದುದರಿಂದ ಸದಸ್ಯರು ಈ ಕೆಳಗಿನವನ್ನು ತಪ್ಪದೆ ಪಾಲಿಸಬೇಕು:

1. ಕಳೆನಾಶಕವನ್ನು ಬೇರೆ ಬಾಟಲಿಗೆ ಸುರಿದಿಡಬೇಡಿ, ಬೀಗದೊಳಗಿಡಿ.

2. ಸೋರುವ ಸಿಂಪರಣಾ ಯಂತ್ರವನ್ನು ಯಾರ ಬೆನ್ನಿಗೂ ಏರಿಸಬೇಡಿ. ಗಾಯವಾದ ಚರ್ಮದ ಮೂಲಕವೂ ವಿಷ ಒಳಸೇರುತ್ತದೆ. ನೆನೆದ ಬಟ್ಟೆ ಕೂಡಲೇ ಕಳಚಿ, ಮೈಯನ್ನು ಸೋಪುನೀರಿನಿಂದ ತೊಳೆಯಿರಿ.

3. ಸಿಂಪಡಿಸಿದ ಕಡೆ ದನಕರುಗಳನ್ನು ಮೇಯಲು ಬಿಡಬೇಡಿ. ಖಾಲಿ ಡಬ್ಬದಲ್ಲಿ ಅವಕ್ಕೆ ನೀರಿಡಬೇಡಿ.

4. ಸ್ವಲ್ಪವೇ ಬಾಯಿಗೆ ಹೋದರೂ, ರೋಗಿ ಚೆನ್ನಾಗಿರುವಂತೆ ಕಂಡರೂ, ಡಬ್ಬದ ಚೀಟಿಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಿನ ತೊಂದರೆ ಕೆಲವು ದಿನ ಕಳೆದು ಕಾಣಿಸಿಕೊಳ್ಳಬಹುದು; ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಈ ವಿಷಯವನ್ನು ಓದಲು ಬಾರದ ಕೆಲಸಗಾರರಿಗೂ ಓದಿ ಹೇಳಬೇಕಾಗಿ ವಿನಂತಿ.

– ಕಾರ್ಯದರ್ಶಿ