ಒಬ್ಬರೇ ಜಡ್ಜ್, ಎರಡು ಹುದ್ದೆ

ಅಥಣಿ, ರಾಯಬಾಗ, ನಿಪ್ಪಾಣಿ ಕೋರ್ಟುಗಳ ಬೋರ್ಡ್ ಓದಿದ್ದೀರಾ? ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’ (ಪ್ರಥಮ ದರ್ಜೆ ಜುಡಿಷಿಯಲ್ ಮ್ಯಾಜಿಸ್ಟ್ರೇಟ್). ಹುದ್ದೆ ಎರಡು, ಕುರ್ಚಿ ಒಂದೇ!

ಹೊಲದ ಬದುವಿನ ದಾವೆ ಬಂದರೆ ಅವರು ಸಿವಿಲ್ ನ್ಯಾಯಾಧೀಶರು. ಅದೇ ಬದುವಿನ ಮೇಲೆ ಹೊಡೆದಾಟವಾಗಿ ಪೊಲೀಸ್ ಕೇಸಾದರೆ ಅವರೇ ಮ್ಯಾಜಿಸ್ಟ್ರೇಟ್. ಒಂದು ಅಪರಾಧಕ್ಕೆ ಹೆಚ್ಚೆಂದರೆ 3 ವರ್ಷ ಜೈಲು ಕೊಡಬಹುದು.

ಕೊಲೆ ಕೇಸು? ಅದರ ವಿಚಾರಣೆ ಸೆಷನ್ಸ್ ಕೋರ್ಟಿನದು. ಹತ್ತಿರದ ಚಿಕ್ಕೋಡಿಯಲ್ಲೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವಿದೆ. ಗಲ್ಲು ವಿಧಿಸಿದರೂ ಹೈಕೋರ್ಟ್ ಒಪ್ಪದೆ ಜಾರಿಯಾಗದು.

ಸರ್ಕಾರಿ ವಕೀಲರೂ ಬದಲಾಗುತ್ತಾರೆ: ಮ್ಯಾಜಿಸ್ಟ್ರೇಟ್ ಮುಂದೆ ಎಪಿಪಿ (ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್), ಸೆಷನ್ಸ್‌ನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್.

ಸೆಷನ್ಸ್ ತೀರ್ಪಿಗೆ ಮೇಲ್ಮನವಿ 2013ರಲ್ಲಿ ಕಾಯಂ ಆದ ಧಾರವಾಡ ಹೈಕೋರ್ಟ್ ಪೀಠಕ್ಕೆ. ಅಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ಇಲ್ಲ, ಕೆಳಗಿನ ಕೋರ್ಟಿನ ದಾಖಲೆ ಮೇಲೇ ವಾದ. ಹಾಗಾಗಿ ನಿಮ್ಮ ಸಾಕ್ಷಿ, ಕಾಗದಪತ್ರ ಮೊದಲ ಕೋರ್ಟಿನಲ್ಲೇ ಗಟ್ಟಿಯಿರಲಿ.