ಮೂಡಣಕ್ಕೆ ಹರಿವ ನೀರು, ಪಡುವಣದ ಕಡಲು

ಶಿಕಾರಿಪುರ, ಸೊರಬಗಳ ಸೀಮೆಯಲ್ಲಿ ಹುಟ್ಟಿದ ಮಗುವೊಂದು ತನ್ನೂರಿನ ಹೊಳೆಯ ಜಾಡನ್ನೇ ಹಿಡಿದು ಸಮುದ್ರವನ್ನು ಕಾಣಹೊರಟರೆ ಬಹುದೂರ ನಡೆಯಬೇಕಾದೀತು. ಏಕೆಂದರೆ ಶಿಕಾರಿಪುರದ ಕುಮುದ್ವತಿಯಾಗಲಿ, ಸೊರಬದ ಮಗ್ಗುಲಲ್ಲಿ ಹರಿದು ವರದೆಯನ್ನು ಕೂಡಿಕೊಳ್ಳುವ ದಂಡಾವತಿಯಾಗಲಿ, ಪಶ್ಚಿಮದ ಕಡಲು ಇಷ್ಟು ಸಮೀಪದಲ್ಲಿದ್ದರೂ ಅದಕ್ಕೆ ಬೆನ್ನುಮಾಡಿ, ತುಂಗಭದ್ರೆಯನ್ನು ಸೇರಿ, ಕೃಷ್ಣೆಯಲ್ಲಿ ಬೆರೆತು, ಆಂಧ್ರದ ತೀರದಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ಅರಬ್ಬೀ ಸಮುದ್ರವಾದರೋ ಸೊರಬದಿಂದ ಸಿದ್ದಾಪುರ, ಮಾವಿನಗುಂಡಿಗಳ ಮಾರ್ಗವಾಗಿ ಹೋದವರಿಗೆ 100 ಕಿಲೋಮೀಟರಿನ ಆಸುಪಾಸಿನಲ್ಲಿಯೇ ದೊರೆಯುವುದು. ಶನಿವಾರ ಬೆಳಗಿನ ಉಪಾಹಾರವನ್ನು ಮನೆಯಲ್ಲಿ ಮುಗಿಸಿ ಹೊರಟ ಸಂಸಾರವು ಮಧ್ಯಾಹ್ನದ ಊಟಕ್ಕೆ ಹೊನ್ನಾವರದಲ್ಲಿರಬಹುದು.

ಈ ನಾಡಿಗೂ ಆ ಕಡಲಿಗೂ ಇರುವ ನಂಟು ಇಂದುನಿನ್ನೆಯದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ 5ನೆಯ ಶತಮಾನದ ಶಿಲಾಸ್ತಂಭದ ಮೇಲೆ, ಕದಂಬ ಶಾಂತಿವರ್ಮನ ಕಾಲದ ಕವಿ ಕುಬ್ಜನು ಮಯೂರಶರ್ಮನ ವೃತ್ತಾಂತವನ್ನು ಸಂಸ್ಕೃತದಲ್ಲಿ ಬರೆದಿದ್ದಾನೆ. ಮಯೂರಶರ್ಮನಿಗೆ ಪಲ್ಲವರಿಂದ ದೊರೆತ ನಾಡಿನ ಒಂದು ಮೇರೆ ಪಶ್ಚಿಮ ಸಮುದ್ರವೆಂದು ಹೇಳುವಾಗ ಆ ಕವಿಯು ಬರಿಯ ಗಡಿಯನ್ನು ಗುರುತಿಸಿ ಸುಮ್ಮನಾಗುವುದಿಲ್ಲ. ಅದರ ಅಲೆಗಳ ನರ್ತನವನ್ನೂ ವರ್ಣಿಸುತ್ತಾನೆ. ಘಟ್ಟದ ಮೇಲೆ, ಕೆರೆಗದ್ದೆಗಳ ನಡುವೆ ನಿಂತ ಕಲ್ಲಿನ ಮೇಲೆ ಕಡಲು ಹೀಗೆ ಕುಣಿಯುತ್ತಿರುವುದು ನನಗೆ ಇಂದಿಗೂ ಪುಲಕವನ್ನುಂಟುಮಾಡುವ ಸಂಗತಿ. ಮಕ್ಕಳನ್ನು ಸಮುದ್ರಕ್ಕೆ ಕರೆದೊಯ್ಯುವ ಮುನ್ನ ಒಂದು ಸಂಜೆ ತಾಳಗುಂದಕ್ಕೆ ಕರೆದೊಯ್ಯಬೇಕೆಂಬುದು ನನ್ನ ಆಗ್ರಹ.

ಘಟ್ಟವನ್ನಿಳಿಯುವಾಗ ಶರಾವತಿಯೇ ನಮಗೆ ದಾರಿಯ ಸಂಗಾತಿ. ತೀರ್ಥಹಳ್ಳಿಯ ಕಡೆಯ ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 128 ಕಿಲೋಮೀಟರು ಹರಿದು ಕಡಲನ್ನು ಸೇರುವ ಈ ನದಿಯು ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕುವುದನ್ನು, ಗೇರುಸೊಪ್ಪೆಯ ಬಳಿ ಕಣಿವೆಯಿಂದ ಹೊರಬಂದು ಶಾಂತವಾಗುವುದನ್ನು, ಹೊನ್ನಾವರದಲ್ಲಿ ಎದೆಯಗಲಿಸಿ ಉಪ್ಪುನೀರಾಗುವುದನ್ನು ಒಂದೇ ದಿನದಲ್ಲಿ ಕಾಣುವ ಭಾಗ್ಯ ನಮ್ಮ ಸೀಮೆಯವರಿಗಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಜೋಗದ ಧಾರೆ ಮಳೆಗಾಲದ ಹೊರತು ಕ್ಷೀಣವಾಗಿರುವುದು ನಿಜವೇ. ಆದರೂ ಮಗುವಿಗೆ ಅದು ಮೇಲಿನ ಊರಿನ ನೀರು ಕೆಳಗಿನ ಊರಿಗೆ ಇಳಿಯುವ ಮೆಟ್ಟಿಲೆಂದು ತೋರಿಸಿದರೆ ಸಾಕು. ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ಇದೇ ಹೊಳೆಯ ದಾರಿಯಾಗಿ ಹಡಗುಗಳನ್ನು ಸೇರುತ್ತಿದ್ದಿತು.

ಹೊನ್ನಾವರವನ್ನು ತಲುಪಿದವರು ಕೂಡಲೆ ಮರಳಿಗೆ ಓಡಬಾರದು. ಶರಾವತಿಯ ಸೇತುವೆಯನ್ನು ದಾಟಿದೊಡನೆ ದೊರೆಯುವ ಕಾಸರಕೋಡಿನಲ್ಲಿ ಕಾಂಡ್ಲಾವನದ ನಡುವೆ ಹಲಗೆಯ ಕಾಲುಹಾದಿಯನ್ನು ನಿರ್ಮಿಸಿದ್ದಾರೆ. ಕೆಸರಿನಿಂದ ಮೇಲಕ್ಕೆದ್ದ ಬೇರುಗಳು ಗಾಳಿಯನ್ನು ಸೇವಿಸುವುದನ್ನೂ, ಕಾಂಡ್ಲಾದ ಬೀಜವು ತಾಯಿಗಿಡದ ಕೊಂಬೆಯಲ್ಲಿಯೇ ಮೊಳೆತು ಗೇಣುದ್ದ ಬೆಳೆದ ಬಳಿಕ ಕಳಚಿ ಕೆಸರಿಗೆ ಬೀಳುವುದನ್ನೂ ಐದು ವರ್ಷದ ಮಗುವು ಅರ್ಧ ಗಂಟೆಯಾದರೂ ಅಲುಗಾಡದೆ ನೋಡಬಲ್ಲದು. ಇಳಿತದ ಹೊತ್ತಿನಲ್ಲಿ ಹೋದರೆ ಬೇರುಗಳ ಸಂದಿಯಲ್ಲಿ ಏಡಿಗಳು ಸಂಚರಿಸುತ್ತವೆ. ಆರು ಗಂಟೆಗಳ ಅನಂತರ ಅದೇ ಸ್ಥಳವು ಭರತದ ನೀರಿನಲ್ಲಿ ಮುಳುಗಿರುತ್ತದೆ. ಭರತವು ದಿನಕ್ಕೆರಡು ಬಾರಿ ಬರುವುದೆಂದೂ, ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುವುದೆಂದೂ, ಇದಕ್ಕೆ ಚಂದ್ರನು ಮುಖ್ಯ ಕಾರಣನೆಂದೂ ಹೇಳಿದರೆ, ಕಥೆಯಲ್ಲಿ ಮಾತ್ರ ಕೇಳಿದ್ದ ಚಂದಮಾಮನು ಮಗುವಿಗೆ ಆ ದಿನದಿಂದ ಬೇರೆಯೇ ಆಗುತ್ತಾನೆ.

ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಶನಿವಾರದ ಸಂಜೆಯನ್ನು ಪೂರ್ತಿಯಾಗಿ ಇಲ್ಲಿಗೇ ಮೀಸಲಿಡಬೇಕು. ಅಲೆಗಳ ಮುಂದೆ ನಿಂತ ನನ್ನ ಮೊಮ್ಮಗಳು ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ, “ಅಜ್ಜಾ, ಈ ಕೆರೆಯ ಕೋಡಿ ಎಲ್ಲಿ?” ಎಂದು ಕೇಳಿದಳು. ಕೆರೆಯ ಸೀಮೆಯಲ್ಲಿ ಬೆಳೆದ ಮಗುವಲ್ಲದೆ ಬೇರೆ ಯಾರು ಇಂತಹ ಪ್ರಶ್ನೆಯನ್ನು ಕೇಳಿಯಾರು! ತುಂಬಿದ ಕೆರೆಯು ಕೋಡಿ ಹರಿಯಲೇಬೇಕೆಂಬುದು ಅವಳು ಕಣ್ಣಾರೆ ಕಂಡ ಸತ್ಯ. ಈ ಕೆರೆಯ ಕೋಡಿಯು ಆಕಾಶದಲ್ಲಿದೆಯೆಂದೂ, ಬಿಸಿಲಿಗೆ ಆವಿಯಾಗಿ ಮೇಲೇರಿದ ನೀರನ್ನು ಮಳೆಗಾಲದ ಗಾಳಿಯು ಪೂರ್ವಕ್ಕೆ ಒಯ್ದು, ಘಟ್ಟದ ಗೋಡೆಗೆ ತಾಗಿಸಿ, ನಮ್ಮ ಅಂಜನಾಪುರದ ಜಲಾಶಯವನ್ನೂ ಹಳ್ಳಿಹಳ್ಳಿಯ ಕೆರೆಗಳನ್ನೂ ತುಂಬಿಸುವುದೆಂದೂ, ಅಲ್ಲಿ ಕೋಡಿಬಿದ್ದ ನೀರು ನಮ್ಮ ಹೊಳೆಗಳ ದಾರಿ ಹಿಡಿದು ಇನ್ನೊಂದು ಸಮುದ್ರವನ್ನು ಸೇರುವುದೆಂದೂ ನಾನು ವಿವರಿಸಿದೆನು. ಹಾಗಾದರೆ ತಾನು ಮನೆಯಲ್ಲಿ ಕುಡಿಯುವ ನೀರು ಇದೇ ಏನು, ಉಪ್ಪು ಎಲ್ಲಿ ಹೋಯಿತು ಎಂದು ಅವಳು ಮತ್ತೆ ಕೇಳಿದಳು. ಆವಿಯು ಏರುವಾಗ ಉಪ್ಪು ಕಡಲಿನಲ್ಲಿಯೇ ಉಳಿಯುವುದೆಂದು ಹೇಳಲು ಆ ಸಂಜೆ ಸಮಯ ಧಾರಾಳವಾಗಿದ್ದಿತು. ನಾಲ್ಕಾರು ಸ್ಥಳಗಳ ಪಟ್ಟಿ ಹಿಡಿದು ಧಾವಿಸುವ ಯಾತ್ರೆಯಲ್ಲಿ ಇಂತಹ ಪ್ರಶ್ನೆಗಳಿಗೆ ಎಡೆಯೆಲ್ಲಿ?

ಕಾಸರಕೋಡಿನದೇ ಭಾಗವಾದ ಟೊಂಕದ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೇಲಿಕಟ್ಟಿದ ಗೂಡು ಕಂಡಲ್ಲಿ ಮಕ್ಕಳನ್ನು ದೂರದಲ್ಲಿಯೇ ನಿಲ್ಲಿಸಬೇಕು. ಮೊಟ್ಟೆಯೊಡೆಯಲು ಒಂದೂವರೆ ತಿಂಗಳಿಗೂ ಮಿಕ್ಕಿ ಕಾಲ ಹಿಡಿಯುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಉಗ್ರವಾಗಿರುವುದರಿಂದ ಮಕ್ಕಳೊಡನೆ ನೀರಿಗಿಳಿಯುವ ಮಾತೇ ಸಲ್ಲದು. ಉಳಿದ ತಿಂಗಳುಗಳಲ್ಲಿಯೂ ಮಗುವಿನ ಕೈಯನ್ನು ಹಿರಿಯರು ಬಿಡಕೂಡದು. ಕೆರೆಯಲ್ಲಿ ಈಜು ಕಲಿತವರಿಗೆ ಹಿಂದಕ್ಕೆ ಸೆಳೆಯುವ ನೀರಿನ ಬಲವು ತಿಳಿದಿರುವುದಿಲ್ಲ.

ಭಾನುವಾರದ ಬೆಳಗ್ಗೆ ಮುರುಡೇಶ್ವರ. ಮೂರು ಕಡೆ ಸಮುದ್ರವಿರುವ ಕಂದುಕಗಿರಿ, 123 ಅಡಿಯ ಶಿವನ ಮೂರ್ತಿ, 237 ಅಡಿಯ ರಾಜಗೋಪುರ ಇವನ್ನು ಎಲ್ಲರೂ ಬಲ್ಲರು. ಲಿಫ್ಟಿನಲ್ಲಿ ಗೋಪುರವನ್ನೇರಿದರೆ ತೀರದ ವಕ್ರರೇಖೆಯೆಲ್ಲ ಒಮ್ಮೆಗೇ ಕಾಣುವುದು. ಜನಸಂದಣಿ ಹೆಚ್ಚುವ ಮೊದಲೇ ಇದನ್ನು ಮುಗಿಸಿ, ಮರಳುವಾಗ ಇಡಗುಂಜಿಯಲ್ಲಿ ದ್ವಿಭುಜ ಗಣಪತಿಯ ದರ್ಶನಮಾಡಿ, ಮೂರು ಗಂಟೆಯೊಳಗಾಗಿ ಘಟ್ಟದ ಕಡೆಗೆ ತಿರುಗುವುದು ಲೇಸು. ತಿರುವುಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಟ್ಟೆ ತೊಳಸುವುದುಂಟು; ಆದುದರಿಂದ ನಡುನಡುವೆ ವಾಹನವನ್ನು ನಿಲ್ಲಿಸಿ ತಂಗಾಳಿಯಲ್ಲಿ ಒಂದಿಷ್ಟು ನಡೆದಾಡಿಸಬೇಕು. ಈ ಕಾಡು ಸಿಂಗಳೀಕಗಳ ನೆಲೆ. ಪಶ್ಚಿಮಘಟ್ಟವಲ್ಲದೆ ಪ್ರಪಂಚದ ಬೇರಾವ ಅರಣ್ಯದಲ್ಲಿಯೂ ಅವು ಇಲ್ಲ. ರಸ್ತೆಬದಿಗೆ ಬಂದರೆ ಬಾಳೆಹಣ್ಣು, ಬಿಸ್ಕತ್ತುಗಳನ್ನು ಎಸೆಯದೆ, ಅವು ಮರಗಳ ಮೇಲೆಯೇ ತಮ್ಮ ಆಹಾರವನ್ನು ಹುಡುಕಿಕೊಳ್ಳುವಂತೆ ಬಿಟ್ಟು, ನಿಧಾನವಾಗಿ ಮುಂದೆ ಸಾಗತಕ್ಕದ್ದು.